ಪಿಸಿಆರ್ ನಂಬರ್ ಬಂದರೆ ಕೇಸ್ ಗೆದ್ದಂತಲ್ಲ

“ಅವನ ಮೇಲೆ ಕೋರ್ಟಲ್ಲೇ ಕೇಸ್ ಹಾಕಿಸಿದೀವಿ ಸಾರ್, ಪಿಸಿಆರ್ ನಂಬರೂ ಬಂತು. ಇನ್ನು ಅರೆಸ್ಟ್ ಆಗೋದೊಂದೇ ಬಾಕಿ.” ತಾಲ್ಲೂಕು ಕೋರ್ಟಿನ ಆವರಣದಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕೇಳಿದಾಗಲೆಲ್ಲ ತಾಳ್ಮೆ ಕೆಡುತ್ತದೆ. ದೂರು ಹಾಕಿದವರು ಆಗಲೇ ಗೆದ್ದೆವೆಂದು ಬೀಗುತ್ತಾರೆ, ಹೆಸರು ಬಂದವರು ಊರಿನಲ್ಲಿ ಮುಖ ತೋರಿಸಲು ಅಂಜುತ್ತಾರೆ. ಎರಡಕ್ಕೂ ಕಾನೂನಿನಲ್ಲಿ ಆಧಾರವಿಲ್ಲ.

ಪಿಸಿಆರ್ ನಂಬರ್ ಎನ್ನುವುದು ನೇರವಾಗಿ ಕೋರ್ಟಿಗೆ ಕೊಡುವ ಖಾಸಗಿ ದೂರುಗಳ ರಿಜಿಸ್ಟರಿನಲ್ಲಿ ಬೀಳುವ ಕ್ರಮಸಂಖ್ಯೆ, ಅಷ್ಟೇ. ಅದು ಬೀಳುವ ಹೊತ್ತಿಗೆ ದೂರಿನ ಸತ್ಯಾಸತ್ಯವನ್ನು ಯಾರೂ ತೂಗಿರುವುದಿಲ್ಲ. ದೂರುದಾರರು ಕಟಕಟೆ ಹತ್ತಿ ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಅಸಲಿ ಪರೀಕ್ಷೆ ಆರಂಭ. ನೀವೇ ಕಣ್ಣಾರೆ ಕಂಡಿರಾ, ಜೊತೆಗೆ ಯಾರಿದ್ದರು, ದಾಖಲೆ ಎಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಕೇಳಿ ಬರೆದುಕೊಳ್ಳುತ್ತಾರೆ. “ಊರಿಗೆಲ್ಲ ಗೊತ್ತು ಸ್ವಾಮಿ” ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಇನ್ನೂ ಒಂದು ಮೆಟ್ಟಿಲು ಸೇರಿಸಿದೆ: ಎದುರಿನವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡದೆ ನ್ಯಾಯಾಲಯ ಕಾಗ್ನಿಜೆನ್ಸ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಅಪರಾಧವನ್ನು ವಿಚಾರಣೆಗೆ ಪರಿಗಣಿಸುವಂತಿಲ್ಲ. ಮೊದಲು ದೂರುದಾರರ ಪ್ರಮಾಣ ಹೇಳಿಕೆ, ಆಮೇಲೆ ಎದುರಿನವರಿಗೆ ನೋಟಿಸ್, ಅದಾದ ಮೇಲಷ್ಟೇ ಕಾಗ್ನಿಜೆನ್ಸ್ ಎಂದು ಕರ್ನಾಟಕ ಹೈಕೋರ್ಟ್ ಅದೇ ವರ್ಷ ರಾಜಕಾರಣಿಗಳಾದ ಯತ್ನಾಳ–ಶಿವಾನಂದ ಪಾಟೀಲರ ಮಾನನಷ್ಟ ಪ್ರಕರಣದಲ್ಲಿ ಬಿಡಿಸಿ ಹೇಳಿತು.

ಇಷ್ಟಾದ ಮೇಲೂ ಹುರುಳಿಲ್ಲವೆನಿಸಿದರೆ ಕಾರಣ ಬರೆದು ದೂರನ್ನು ವಜಾ ಮಾಡಬಹುದು. ಹುರುಳಿದ್ದರೆ ಸಮನ್ಸ್ ಹೊರಡುತ್ತದೆ. ಅದಕ್ಕೂ ಮೊದಲು ಸಾಕ್ಷಿಗಳ ಪಟ್ಟಿ ಕೊಡಬೇಕು, ಸಮನ್ಸ್ ಜೊತೆ ದೂರಿನ ಪ್ರತಿ ಹೋಗಬೇಕು, ಪ್ರೋಸೆಸ್ ಫೀ ಕಟ್ಟಬೇಕು. ಫೀ ಕಟ್ಟದೆ ಕೂತರೆ ಅದೊಂದೇ ಕಾರಣಕ್ಕೆ ದೂರು ಬಿದ್ದುಹೋಗಬಹುದು. ಈ ಹಂತ ದಾಟಿದಾಗ ನಮ್ಮ ಕೋರ್ಟುಗಳಲ್ಲಿ ಪಿಸಿಆರ್ ಹೋಗಿ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಬರುತ್ತದೆ. ಸಮನ್ಸ್ ಎಂದರೆ ಕೋರ್ಟಿಗೆ ಬನ್ನಿ ಎಂಬ ಕರೆ, ಬಂಧನವಲ್ಲ. ಆ ಕರೆಯನ್ನು ಕೂಡ ಹಗುರವಾಗಿ ಕಳಿಸಬಾರದು, ಕ್ರಿಮಿನಲ್ ಕೇಸಿನಲ್ಲಿ ಒಬ್ಬರನ್ನು ಕರೆಸುವುದು ಗಂಭೀರ ವಿಷಯ ಎಂದು ಸುಪ್ರೀಂ ಕೋರ್ಟ್ 1997ರಷ್ಟು ಹಿಂದೆಯೇ ಪೆಪ್ಸಿ ಫುಡ್ಸ್ ತೀರ್ಪಿನಲ್ಲಿ ಹೇಳಿದೆ.

ಇದರ ಅವಳಿ ನಂಬಿಕೆ ಇನ್ನೊಂದಿದೆ: “ಎಫ್‌ಐಆರ್ ಹಾಕಲು ಕೋರ್ಟೇ ಆದೇಶ ಮಾಡಿದೆ, ಅಂದಮೇಲೆ ತಪ್ಪು ಮಾಡಿರಲೇಬೇಕು.” ಅದೇ ಸಂಹಿತೆಯ 175(3)ನೇ ಕಲಂ ಕೆಳಗೆ ಮ್ಯಾಜಿಸ್ಟ್ರೇಟರು ಹೇಳುವುದು ತನಿಖೆ ಮಾಡಿ ಎಂದು ಮಾತ್ರ. ಆ ತನಿಖೆ, ಆರೋಪಕ್ಕೆ ಆಧಾರ ಸಿಗಲಿಲ್ಲ ಎನ್ನುವ ಪೊಲೀಸರ ‘ಬಿ’ ರಿಪೋರ್ಟಿನಲ್ಲಿ ಮುಗಿಯಬಹುದು, ಎಷ್ಟೋ ಸಲ ಮುಗಿಯುತ್ತದೆ ಕೂಡ. ಆದೇಶ ಬಂದ ಸಂಜೆ ಟಿವಿ ಪರದೆ ತುಂಬ ಹೆಸರು ಓಡಿಸುವವರು ‘ಬಿ’ ರಿಪೋರ್ಟ್ ಬಂದ ದಿನ ಒಂದು ಸಾಲನ್ನೂ ಹಾಕುವುದಿಲ್ಲ. ಮನೆಯಲ್ಲಿ ಕೂತು ನೋಡುವ ನಾವೂ ಕೇಳುವುದಿಲ್ಲ. ಯಾರೋ ಕಳಿಸಿದ ದೂರಿನ ಮೊದಲ ಪುಟದ ಫೋಟೋವನ್ನು ತೀರ್ಪೆಂಬಂತೆ ಹತ್ತು ಗುಂಪುಗಳಿಗೆ ದಾಟಿಸುತ್ತೇವೆ. ಕೋರ್ಟಿನ ಸೀಲು ಕಂಡದ್ದೆಲ್ಲ ಸತ್ಯ ಎಂದು ನಂಬುವ ಈ ಅಭ್ಯಾಸ ಎಷ್ಟು ಮನೆಗಳ ನೆಮ್ಮದಿ ಕೆಡಿಸಿದೆ ಎಂಬುದು ವಕೀಲರಿಗೆಲ್ಲ ಗೊತ್ತು.

ಉಳಿದ ತಪ್ಪು ನಂಬಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೊಂದವರೇ ದೂರು ಕೊಡಬೇಕೆಂಬುದು ಎಲ್ಲ ಕಡೆ ನಿಜವಲ್ಲ: ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಪ್ರಕರಣದಲ್ಲಿ, 1984ರಲ್ಲಿ, ಕಾನೂನು ಬೇರೆ ರೀತಿ ಹೇಳದಿದ್ದರೆ ಯಾವ ನಾಗರಿಕನೂ ಕ್ರಿಮಿನಲ್ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು. ಮಾನನಷ್ಟ, ಚೆಕ್ ಬೌನ್ಸ್‌ನಂಥವು ಅದಕ್ಕೆ ಹೊರತು. ಚೆಕ್ ಬೌನ್ಸ್ ಕೇಸನ್ನು ಯಾವಾಗ ಬೇಕಾದರೂ ಹಾಕಬಹುದೆಂಬುದು ಸುಳ್ಳು: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಹಾಕಿದ ಮೇಲೆ ವಕೀಲರೇ ನೋಡಿಕೊಳ್ಳುತ್ತಾರೆ ಎಂಬುದೂ ಸುಳ್ಳು. ಕಡಿಮೆ ಶಿಕ್ಷೆಯ ಅಪರಾಧಗಳ ‘ಸಮನ್ಸ್ ಕೇಸಿ’ನಲ್ಲಿ ದೂರುದಾರರು ಗೈರಾದರೆ ಆರೋಪಿ ಖುಲಾಸೆಯಾಗಬಹುದು. ಆಧಾರವಿಲ್ಲದ ಆರೋಪ ಹೊರಿಸಿದವರಿಂದಲೇ ಪರಿಹಾರ ಕೊಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ.

ನಿಜವಾಗಿ ಅನ್ಯಾಯವಾಗಿ, ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಈ ದಾರಿ ನಿಮಗಾಗಿಯೇ ಇದೆ. ಆದರೆ ತನಿಖೆಗೆ ಆದೇಶ ಬೇಕಿದ್ದರೆ ಠಾಣೆಯಿಂದ ನೇರ ಕೋರ್ಟಿಗೆ ಓಡಬೇಡಿ. ಮೊದಲು ಎಸ್‌ಪಿಯವರಿಗೆ ಬರಹದಲ್ಲಿ ದೂರು ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ಕೋರ್ಟಿಗೆ ಕೊಡುವ ಅರ್ಜಿಯ ಜೊತೆ ಪ್ರಮಾಣಪತ್ರ (ಅಫಿಡವಿಟ್) ಇರಲೇಬೇಕು, 2015ರ ಪ್ರಿಯಾಂಕಾ ಶ್ರೀವಾಸ್ತವ ತೀರ್ಪು ಹಾಕಿದ್ದ ಈ ಷರತ್ತು ಈಗ ಕಾನೂನಿನಲ್ಲೇ ಸೇರಿದೆ. ಸಾಕ್ಷಿ ಹೇಳುವವರನ್ನು ಮೊದಲೇ ಮಾತಾಡಿಸಿ, ಬರುತ್ತಾರೆಂದು ಖಾತ್ರಿ ಮಾಡಿಕೊಂಡು ಆಮೇಲೆ ವಕೀಲರ ಬಳಿ ಹೋಗಿ.