ಗುಳೆ ಹೋದ ಮಕ್ಕಳಿಗೆ ಯಾವ ಭಾನುವಾರ?

ನಕಾಶೆ ನೋಡಿದರೆ ಅರಕೇರಾ ಅಂಥ ದೂರದ ಊರೇನಲ್ಲ. ದೇವದುರ್ಗದಿಂದ ಬಸ್ಸುಂಟು, ಬಸ್ಸು ತಪ್ಪಿದರೆ ಟಂಟಂ ಉಂಟು. ಈಚೆಗೆ ತಾಲೂಕು ಕೇಂದ್ರ ಎಂಬ ಹೆಸರೂ ಬಂದಿದೆ. ಆದರೂ ಮಕ್ಕಳಿಗೆ ಬೈಬಲ್ ಕಥೆ ಹೇಳಲು ಹೊರಟವರನ್ನು ಕೇಳಿ ನೋಡಿ, ರಾಯಚೂರು ಜಿಲ್ಲೆಯ ಈ ಮೂಲೆಯ ಕೇರಿ, ತಾಂಡಾ, ದೊಡ್ಡಿಗಳನ್ನು ಕಷ್ಟದ ಜಾಗ ಎನ್ನುತ್ತಾರೆ. ಹೊಲದ ನಡುವೆ ನಾಲ್ಕು ಮನೆ, ಒಂದು ಬೇವಿನ ಮರ, ನಾಲ್ಕೈದು ಎಮ್ಮೆ ಇರುವ ದೊಡ್ಡಿಗೆ ಮಳೆಗಾಲದಲ್ಲಿ ಎರೆಮಣ್ಣು ದಾಟಿ ಹೋಗುವುದು ಕಷ್ಟವೇ ಸರಿ. ಆದರೆ ನನಗೆ ಕಂಡಂತೆ ಕಷ್ಟ ದಾರಿಯದ್ದಲ್ಲ. ದಾರಿ ಮುಗಿದು ಮನೆ ಮುಟ್ಟಿದಾಗ ಮಗು ಅಲ್ಲಿ ಇರುವುದಿಲ್ಲ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಿದೆ. ದೇವದುರ್ಗ ಅದರಲ್ಲೊಂದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ರಾಯಚೂರು ಜಿಲ್ಲೆಯದು 59.56. ಈ ಅಂಕಿಗಳ ಹಿಂದೆ ಇರುವುದು ಹತ್ತಿ ಬಿಡಿಸುವ ಕೈ, ಮೆಣಸಿನಕಾಯಿ ಹರಿಯುವ ಕೈ, ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದ ಊರುಗಳಲ್ಲಿ ಗುಳೆ ತಗ್ಗಿದೆ, ನಿಂತಿಲ್ಲ. ಅಪ್ಪ ಅವ್ವ ಹೋದ ಮೇಲೆ ಮಗು ಜೊತೆಗೆ ಹೋಗುತ್ತದೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿಯುತ್ತದೆ. ಉಳಿದ ಮಗು ಶಾಲೆಗೆ ಹೋಗುತ್ತದೆ ಎಂದೇನಿಲ್ಲ.

ಕ್ರೈಸ್ತ ಗ್ರಂಥಕ್ಕೆ ಈ ಸೀಮೆ ಹೊಸದಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಆದಿಲ್ ಶಾಹಿಗಳ ಕಾಲದಿಂದಲೂ ಕಥೋಲಿಕರಿದ್ದಾರೆ. ಕರ್ನಲ್ ಮೆಡೋಸ್ ಟೇಲರ್ ತನ್ನ ‘ಎ ನೋಬಲ್ ಕ್ವೀನ್’ ಕಾದಂಬರಿಗೆ ಆ ಊರಿನ ಕ್ರೈಸ್ತರನ್ನು ಪಾತ್ರವಾಗಿ ತಂದಿದ್ದ. ಮೊಹರಮ್ಮಿಗೆ ನಾಡಿನಲ್ಲೆಲ್ಲ ಹೆಸರಾದ ಅದೇ ಮುದಗಲ್ಲು. ಮುದ್ರಿತ ಗ್ರಂಥ ಬಂದದ್ದು ಮಾತ್ರ ತುಂಗಭದ್ರೆಯ ಆಚೆ ದಡದಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೂತು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈ ಹಾಕಿದ. ಅತ್ತ ಬಂಗಾಳದ ಶ್ರೀರಾಮಪುರದಲ್ಲಿ ಮಿಷನರಿ ವಿಲಿಯಂ ಕೇರಿಯ ಬಳಗ 1823ರಲ್ಲಿ ಕನ್ನಡ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿತು. ಹ್ಯಾಂಡ್ಸನ ಪೂರ್ತಿ ಬೈಬಲ್ 1831ರ ಹೊತ್ತಿಗೆ ಸಿದ್ಧವಾಯಿತು. ಆಗ ಬಳ್ಳಾರಿ ಕಂಪನಿ ಸರ್ಕಾರದ್ದು, ರಾಯಚೂರು ನಿಜಾಮರದ್ದು. ಹೊಳೆ ದಾಟಿದರೆ ಬೇರೆ ರಾಜ್ಯ. ಪುಸ್ತಕ ಹೊಳೆ ದಾಟಲು ತಡವಾಯಿತು, ಅದನ್ನು ಓದಬಲ್ಲ ಕಣ್ಣು ಹುಟ್ಟಲು ಇನ್ನೂ ತಡವಾಯಿತು.

ಇಲ್ಲಿ ಮೇರಿ ಜೋನ್ಸಳ ಕಥೆಯ ಮಾತು ಹೇಳಬೇಕು. ಸಂಡೇ ಸ್ಕೂಲಿಗೆ ಹೋದ ಪ್ರತಿ ಮಗುವಿಗೂ ಆಕೆ ಗೊತ್ತು. ವೇಲ್ಸಿನ ಬಡ ನೇಕಾರರ ಮನೆಯ ಹುಡುಗಿ, ಆರು ವರ್ಷ ಕಾಸಿಗೆ ಕಾಸು ಕೂಡಿಸಿ, 1800ರಲ್ಲಿ ಸುಮಾರು 40 ಕಿಲೋಮೀಟರ್ ಬರಿಗಾಲಲ್ಲಿ ನಡೆದು, ಬಾಲಾ ಎಂಬ ಊರಿನಲ್ಲಿ ತಾಮಸ್ ಚಾರ್ಲ್ಸ್ ಎಂಬ ಪಾದ್ರಿಯಿಂದ ತನ್ನ ಭಾಷೆಯ ಬೈಬಲ್ ಕೊಂಡಳು. ಆ ಪ್ರಸಂಗದ ನೆನಪಿನಲ್ಲೇ 1804ರಲ್ಲಿ ಬ್ರಿಟಿಷ್ ಬೈಬಲ್ ಸೊಸೈಟಿ ಹುಟ್ಟಿತು ಎನ್ನುತ್ತಾರೆ. ಕಥೆ ಹೇಳುವವರೆಲ್ಲ ಆಕೆಯ ನಡಿಗೆಯನ್ನೇ ಹಿಗ್ಗಿಸಿ ಹೇಳುತ್ತಾರೆ. ಅದಕ್ಕೂ ಮುಂಚೆ ಅದೇ ಚಾರ್ಲ್ಸ್ ಊರೂರಿಗೆ ಕಳಿಸುತ್ತಿದ್ದ ಸಂಚಾರಿ ಶಾಲೆಯಲ್ಲಿ ಆಕೆ ಓದಲು ಕಲಿತಿದ್ದಳು ಎಂಬುದನ್ನು ಬಿಟ್ಟುಬಿಡುತ್ತಾರೆ. ಓದು ಬಾರದಿದ್ದರೆ ಆಕೆ ಪುಸ್ತಕಕ್ಕಾಗಿ ನಡೆಯುತ್ತಲೇ ಇರಲಿಲ್ಲ.

ಸಂಡೇ ಸ್ಕೂಲಿನ ಮೂಲವೂ ಹೀಗೆಯೇ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವನು 1780ರಲ್ಲಿ ಅದನ್ನು ತೆರೆದ. ವಾರದ ಆರು ದಿನ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳಿಗೆ ಬಿಡುವಿದ್ದದ್ದು ಏಳನೆಯ ದಿನ ಮಾತ್ರ. ಅಂದು ಅವರಿಗೆ ಓದು ಕಲಿಸಿದರು, ಓದಲು ಕೈಗೆ ಕೊಟ್ಟದ್ದು ಬೈಬಲ್. ಅಂದರೆ ಅದು ಬಾಲಕಾರ್ಮಿಕರ ಅಕ್ಷರಶಾಲೆ. ಭಾರತದಲ್ಲಿ 1876ರಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಶುರುವಾಯಿತು. ಕಾಲ ಸರಿದಂತೆ, ಮಕ್ಕಳು ವಾರದ ಶಾಲೆಗೆ ಹೋಗುತ್ತಾರೆ ಎಂಬ ನಂಬಿಕೆಯ ಮೇಲೆ ಭಾನುವಾರದ ಶಾಲೆ ಅಕ್ಷರವನ್ನು ಕೈಬಿಟ್ಟು ಕಥೆ, ಹಾಡು, ಕಂಠಪಾಠಗಳನ್ನಷ್ಟೇ ಉಳಿಸಿಕೊಂಡಿತು. ಪೇಟೆಯಲ್ಲಿ ಆ ನಂಬಿಕೆ ಸರಿ. ದೇವದುರ್ಗದ ದೊಡ್ಡಿಯಲ್ಲಿ ಅದು ಇನ್ನೂ ಪೂರ್ತಿ ಸರಿಯಲ್ಲ.

ಓದು ಬಾರದವರಿಗೆ ಗ್ರಂಥ ಮುಟ್ಟಿಸಲು ಮಿಷನ್ನಿನವರು ಹೂಡಿದ ಉಪಾಯಗಳದ್ದೇ ಒಂದು ಪುಸ್ತಕವಾದೀತು. ಒಂದು ಉಪಾಯದ ಹೆಸರು ಅಕ್ಷರವಿಲ್ಲದ ಪುಸ್ತಕ. ಅಂಗೈಯಗಲದ ಪುಟಗಳು, ಒಂದಕ್ಷರವಿಲ್ಲ, ಬರೀ ಬಣ್ಣ. ಲಂಡನ್ನಿನ ಪ್ರಸಿದ್ಧ ಬೋಧಕ ಸ್ಪರ್ಜನ್ 1866ರಲ್ಲಿ ಕಪ್ಪು, ಕೆಂಪು, ಬಿಳಿ ಎಂಬ ಮೂರು ಪುಟಗಳಿಂದ ಅದನ್ನು ಶುರು ಮಾಡಿದ. ಅಮೆರಿಕದ ಬೋಧಕ ಮೂಡಿ 1875ರಲ್ಲಿ ಚಿನ್ನದ ಬಣ್ಣ ಸೇರಿಸಿದ, ಹಸಿರು ಆಮೇಲೆ ಬಂತು. ಕಪ್ಪೆಂದರೆ ಪಾಪ, ಕೆಂಪೆಂದರೆ ಯೇಸುವಿನ ರಕ್ತ, ಬಿಳುಪೆಂದರೆ ತೊಳೆದ ಮನಸ್ಸು, ಚಿನ್ನವೆಂದರೆ ಪರಲೋಕ, ಹಸಿರೆಂದರೆ ಬೆಳವಣಿಗೆ. ಪುಟ ತಿರುವುತ್ತಾ ಕಥೆ ಹೇಳಿದರೆ ಐದು ನಿಮಿಷದಲ್ಲಿ ಮಗುವಿಗೆ ಬಾಯಿಪಾಠ. ಉಪಾಯವೇನೋ ಜಾಣತನದ್ದು. ಆದರೆ ಎರೆಹೊಲದ ಕರಿ ಮಣ್ಣಿನಲ್ಲಿ ಜೋಳ, ಕಡಲೆ, ಹತ್ತಿ ಬೆಳೆದು ಬದುಕುವ ಊರಿಗೆ, ಅದಕ್ಕಿಂತ ಹೆಚ್ಚಾಗಿ ಮೈಬಣ್ಣಕ್ಕೇ ಅನ್ನಿಸಿಕೊಂಡ, ಆಡಿಸಿಕೊಂಡ ಮಕ್ಕಳ ಮುಂದೆ, ಕಪ್ಪು ಪುಟ ತೆರೆದು ‘ಇದು ಪಾಪ’ ಎನ್ನುವುದು ನನಗೆ ಹಿಡಿಸುವುದಿಲ್ಲ. ಬೇರೆ ಬಣ್ಣಕ್ಕೇನು ಬರವೇ?

ಇನ್ನೊಂದು ಉಪಾಯ ನನಗೆ ಬಲು ಇಷ್ಟದ್ದು. ಜಾಯ್ ರಿಡರ್‌ಹಾಫ್ ಎಂಬ ಮಹಿಳೆ 1939ರಲ್ಲಿ ಲಾಸ್ ಏಂಜಲಿಸಿನಲ್ಲಿ ಗಾಸ್ಪೆಲ್ ರೆಕಾರ್ಡಿಂಗ್ಸ್ ಸಂಸ್ಥೆ ಕಟ್ಟಿದರು. ಲಿಪಿಯೇ ಇಲ್ಲದ ಭಾಷೆಗಳಲ್ಲೂ ಬೈಬಲ್ ಕಥೆಗಳನ್ನು ಧ್ವನಿಮುದ್ರಿಸಿ ಹಂಚುವುದು ಅವರ ಕೆಲಸ. ಕರೆಂಟಿಲ್ಲದ ಹಳ್ಳಿಗೆ ಗ್ರಾಮಫೋನ್ ಒಯ್ಯುವುದು ಹೇಗೆ? ಕಾರ್ಡ್‌ಟಾಕ್ ಎಂಬ ರಟ್ಟಿನ ಸಾಧನ ಮಾಡಿದರು. ರಟ್ಟನ್ನು ಮಡಿಸಿ ನಿಲ್ಲಿಸಬೇಕು, ಮಡಿಕೆಯಲ್ಲೇ ಸೂಜಿ ಇರುತ್ತದೆ, ಕೆಳಗೆ ರೆಕಾರ್ಡು ಇಟ್ಟು ಪೆನ್ಸಿಲ್ಲಿನಿಂದಲೋ ಕಡ್ಡಿಯಿಂದಲೋ ತಿರುಗಿಸಬೇಕು. ಮಗು ಬೇಗ ತಿರುಗಿಸಿದರೆ ಪ್ರವಾದಿ ಕೀರಲು ದನಿಯಲ್ಲಿ ಮಾತಾಡುತ್ತಾನೆ, ನಿಧಾನಿಸಿದರೆ ಗೊಗ್ಗರು ದನಿ. ಬ್ಯಾಟರಿ ಬೇಡ, ಮೋಟಾರು ಬೇಡ. ಇಂದು ಆ ಜಾಗಕ್ಕೆ ಮೆಮೊರಿ ಕಾರ್ಡು, ಸೌರಶಕ್ತಿಯ ಆಡಿಯೊ ಪೆಟ್ಟಿಗೆ, ಯೂಟ್ಯೂಬು ಬಂದಿವೆ. ನಡುವೆ ಸಿನಿಮಾದ ಕಾಲವೂ ಬಂದು ಹೋಯಿತು. 1978ರ ತೆಲುಗು ಚಿತ್ರ ‘ಕರುಣಾಮಯುಡು’ ಹಲವು ಭಾಷೆಗೆ ಡಬ್ ಆಗಿ ಬಯಲಿನ ಪರದೆಗಳ ಮೇಲೆ ದೇಶವೆಲ್ಲ ಸುತ್ತಿತು. ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಕ್ಯಾಂಪುಗಳಿರುವ ಮಾನ್ವಿ, ಸಿಂಧನೂರು ಕಡೆ ತೆಲುಗಿನ ಕ್ರೈಸ್ತ ಹಾಡುಗಳು ಕನ್ನಡದ ಕೇರಿಗೂ ಸಲೀಸಾಗಿ ನುಗ್ಗಿವೆ.

ಹಾಡಿನ ಗುಟ್ಟು ಹಿಂದಿನವರಿಗೂ ತಿಳಿದಿತ್ತು. ನಿಘಂಟಿನಿಂದ ಹೆಸರಾದ ಫರ್ಡಿನಾಂಡ್ ಕಿಟೆಲ್ ಅದಕ್ಕೂ ಮುಂಚೆ, 1862ರಲ್ಲಿ, ಯೇಸುವಿನ ಚರಿತೆಯನ್ನು ನಮ್ಮ ಛಂದಸ್ಸಿಗೆ ಕೂಡಿಸಿ ‘ಕಥಾಮಾಲೆ’ ಎಂಬ ಕಾವ್ಯ ಬರೆದ. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಸುವಾರ್ತೆ ಹೇಳಲು ಹಳ್ಳಿ ಸುತ್ತುತ್ತ ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದ ಬರೆದುಕೊಂಡು ತಂದರು. 1949ರಲ್ಲಿ ನಮ್ಮ ಕಲಬುರಗಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೇಳಲು ಹೋದವರು ಕೇಳಿಸಿಕೊಂಡೂ ಬಂದರು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ದೇವದುರ್ಗದ ಕಡೆಯ ಒಂದು ಕೇರಿಯಲ್ಲಿ ಭಾನುವಾರದ ಕ್ಲಾಸಿಗೆ ಕೂತಿದ್ದೆ. ತಗಡಿನ ಮಾಡಿನ ಒಂದೇ ಕೋಣೆ, ಪ್ಲಾಸ್ಟಿಕ್ ಚಾಪೆ, ಮೂಲೆಯಲ್ಲಿ ಢೋಲಕ್ಕು. ಪಿಯುಸಿ ಓದಿದ ಹುಡುಗಿ ಟೀಚರು, ಅಂದಿನ ಪಾಠ ತಪ್ಪಿಸಿಕೊಂಡ ಕುರಿ. ನೂರು ಕುರಿಯಲ್ಲಿ ಒಂದು ತಪ್ಪಿತು, ಕುರುಬ ಉಳಿದವನ್ನು ಬಿಟ್ಟು ಅದನ್ನೇ ಹುಡುಕಿಕೊಂಡು ಹೊರಟ ಎಂದು ಆಕೆ ಹೇಳುತ್ತಿದ್ದಂತೆ ಮುಂದೆ ಕೂತ ಹುಡುಗ ಕೇಳಿದ: “ಟೀಚರ್‍ರೀ, ಉಳಿದ ತೊಂಬತ್ತೊಂಬತ್ತಕ್ಕ ಯಾರು ದಿಕ್ಕರೀ? ತ್ವಾಳ ಬಂದ್ರ?” ಆತನ ಮನೆಯವರು ಕುರಿ ಕಾಯುವವರಂತೆ. ಟೀಚರು ಒಂದು ಗಳಿಗೆ ತಡೆದು, “ನಾಯಿ ಇರ್ತಾವಲ್ಲೋ” ಎಂದಳು. “ಒಂದೇ ನಾಯಿ ಸಾಲಂಗಿಲ್ರೀ” ಎಂದ. ಎಲ್ಲರೂ ನಕ್ಕರು. ಪೇಟೆಯ ಮಕ್ಕಳಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ, ಅವರಿಗೆ ಅದು ಬಣ್ಣದ ಚಿತ್ರದ ಕುರಿ. ಪಾಠ ಮುಗಿದ ಮೇಲೆ ಕಂಠಪಾಠ ಒಪ್ಪಿಸಿದರು. ಗಡಗಡ ಒಪ್ಪಿಸಿದವರಲ್ಲಿ ಅದೇ ಸಾಲನ್ನು ಪುಸ್ತಕ ತೆರೆದು ಓದಿ ತೋರಿಸಿದವರು ಕಡಿಮೆ.

ಈ ಮಕ್ಕಳ ತಲೆಯ ಮೇಲೆ ದೊಡ್ಡವರ ಜಗಳವೂ ಇದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿ. 2022ರ ಕರ್ನಾಟಕದ ಮತಾಂತರ ಕಾಯ್ದೆ, ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಿ 3ರಿಂದ 10 ವರ್ಷದವರೆಗೆ ಜೈಲು ಎಂದಿತು. ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆ, ಉಚಿತ ಶಿಕ್ಷಣ ಎರಡೂ ಬಂದವು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಅಂಜಿಕೆ ಹೋಗಿಲ್ಲ. ಬೇಸಿಗೆ ರಜೆಯ ಬೈಬಲ್ ಶಿಬಿರವಾದ ವಿಬಿಎಸ್‌ನಲ್ಲಿ ಮಕ್ಕಳಿಗೆ ಬಿಸ್ಕತ್ತು, ಪೆನ್ನು ಕೊಡುವ ಪಾಸ್ಟರಿಗೆ ಊರಿನವರ ಕಣ್ಣು ಯಾವಾಗ ಹೇಗೆ ತಿರುಗುತ್ತದೋ ಎಂಬ ಅಳುಕು. ಊರಿನವರ ಅನುಮಾನವೂ ಪೂರ್ತಿ ಬುಡವಿಲ್ಲದ್ದಲ್ಲ. ತಂದೆತಾಯಿ ಊರಲ್ಲಿಲ್ಲದಾಗ ಮಗುವನ್ನು ಕೂರಿಸಿಕೊಂಡು ಏನು ಹೇಳಿದರೂ ಅದು ಕದ್ದು ಹೇಳಿದಂತೆ ಕಾಣುತ್ತದೆ. ಅಜ್ಜಿಯನ್ನಾದರೂ ಕೇಳಿ, ಬಾಗಿಲು ತೆರೆದಿಟ್ಟು ಹೇಳಬೇಕು. ವಿಷಯ ಯಾವ ಧರ್ಮದ್ದಾದರೂ ಈ ಮಾತಿಗೆ ವಿನಾಯಿತಿ ಇಲ್ಲ.

ಇದಕ್ಕಿಂತ ಗಟ್ಟಿಯಾದ ತೊಡಕು ಜಾತಿ ಪ್ರಮಾಣಪತ್ರದ್ದು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಸೇರಿಲ್ಲ, ಪರಿಶಿಷ್ಟರಿಂದ ಮತಾಂತರಗೊಂಡವರನ್ನು ರಾಜ್ಯ ಪ್ರವರ್ಗ 1ರಲ್ಲಿ ಇಟ್ಟಿದೆ. ಹಾಗಾಗಿ ಮಾದಿಗರ ಕೇರಿಯ ಮಗು ಶಾಲೆಯ ದಾಖಲೆಯಲ್ಲಿ ಒಂದು, ಭಾನುವಾರದ ಪ್ರಾರ್ಥನೆಯಲ್ಲಿ ಇನ್ನೊಂದು. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಆ ದಾಖಲೆಯ ಮೇಲೆ ನಿಂತಿರುವಾಗ, ನಂಬಿಕೆಯನ್ನು ಕಾಗದಕ್ಕೆ ಇಳಿಸಲು ಯಾವ ತಾಯಿ ಒಪ್ಪುತ್ತಾಳೆ? ಹೊರಗಿನವರು ಇದನ್ನು ಮೋಸ ಎನ್ನುತ್ತಾರೆ. ಕೇರಿಯ ಬಾವಿ, ಕೇರಿಯ ಸ್ಮಶಾನ, ಕೇರಿಯ ಅವಮಾನ ಪ್ರಾರ್ಥನೆಗೆ ಹೋದವರಿಗೂ ಬದಲಾಗಿಲ್ಲ ಎಂಬುದನ್ನು ಅವರು ನೋಡುವುದಿಲ್ಲ.

ಹಾಗಾದರೆ ಇಲ್ಲಿ ನಿಂತದ್ದು ಯಾವುದು? ಮಾನ್ವಿ ತಾಲೂಕಿನ ಪನ್ನೂರಿನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಜೆಸ್ವಿಟ್ ಗುರುಗಳು ಬಂದು ದಲಿತ ಮಕ್ಕಳ ಓದಿಗೆ ಕೈ ಹಾಕಿದರು. ಮಾನ್ವಿಯ ಲೊಯೋಲಾ ಶಾಲೆಗಳು ಅದರ ಫಲ. ಕೇರಿಯ ಮಗು ಬೆಂಚಿನ ಮೇಲೆ ಕೂತು ಓದಿದ್ದನ್ನು ಊರು ನೋಡಿತು. ಹಬ್ಬಕ್ಕೊಮ್ಮೆ ವ್ಯಾನಿನಲ್ಲಿ ಬಂದು ಕಥೆ ಹೇಳಿ, ಫೋಟೊ ತೆಗೆಸಿಕೊಂಡು, ಕರಪತ್ರ ಹಂಚಿ ಹೋದವರ ಗುರುತು ಮಾತ್ರ ಮುಂದಿನ ಮಳೆಗಾಲಕ್ಕೆ ಉಳಿಯುವುದಿಲ್ಲ. ಓದಲು ಬಾರದ ಮಗುವಿನ ಕೈಗೆ ಕೊಟ್ಟ ಹೊಸ ಒಡಂಬಡಿಕೆ ಗೂಡಿನಲ್ಲಿ ಕೂರುತ್ತದೆ. ಓದು ಕಲಿತ ಮಗು ಬೈಬಲ್ಲನ್ನೂ ಓದುತ್ತದೆ, ಅಂಬೇಡ್ಕರರನ್ನೂ ಓದುತ್ತದೆ, ಆಮೇಲೆ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಕಥೆ ಹೇಳುವವರು ಇದಕ್ಕೆ ಹೆದರಬಾರದು.

ವಿಬಿಎಸ್ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಗುಳೆ ಹೋದವರು ಊರಿಗೆ ಮರಳುವುದು ಮುಂಗಾರು ಹಿಡಿದ ಮೇಲೆ. ಹೀಗಾಗಿ ದೇವದುರ್ಗದಲ್ಲಿ ಶಿಬಿರ ನಡೆಯುವ ದಿನಗಳಲ್ಲೇ ದೇವದುರ್ಗದ ಎಷ್ಟೋ ಮಕ್ಕಳು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ, ಅಲ್ಲಿ ಅವರಿಗೆ ಶಾಲೆಯೂ ಇಲ್ಲ, ಭಾನುವಾರವೂ ಇಲ್ಲ. ರಾಯಚೂರಿಗೆ ತಂಡ ಕಳಿಸಲು ಹಣ ಕೂಡಿಸುತ್ತಿರುವ ಬೆಂಗಳೂರಿನ ಸಭೆಗಳವರು ಮೊದಲು ತಮ್ಮ ಕಾಂಪೌಂಡಿನ ಆಚೆಗಿನ ಶೆಡ್ಡಿಗೆ ಹೋಗಲಿ. ತಾಯಿಯ ಒಪ್ಪಿಗೆ ಕೇಳಲಿ, ಹತ್ತಿರದ ಸರ್ಕಾರಿ ಶಾಲೆಗೆ ಮಗುವಿನ ಹೆಸರು ಹಚ್ಚಿಸಲಿ, ಕೈಗೆ ಸ್ಲೇಟು ಕೊಡಲಿ. ಕುರಿಯ ಕಥೆ ಆಮೇಲೆ ಹೇಳಬಹುದು.