ಮಾಗಿಯಲ್ಲಿ ಮಾಗಡಿ ರಸ್ತೆ

ಮಾಗಿಯ ಮುಂಜಾವಿನಲ್ಲಿ ಮಲ್ಲತ್ತಹಳ್ಳಿಯಿಂದ ಒಬ್ಬರೇ ಸೈಕಲ್ ಹತ್ತಿ, 1,226 ಮೀಟರ್ ಎತ್ತರದ ಸಾವನದುರ್ಗದ ಬುಡಕ್ಕೆ ಹೊರಡುವವರು ಹೆದರುವುದು ಏರಿಗೆ. ಹೆದರಬೇಕಾದದ್ದು ಇಳಿಜಾರಿಗೆ!

ಏರಿನ ಲೆಕ್ಕ ಸುಲಭ. ಸವಾರ, ಸೈಕಲ್ ಸೇರಿ 85 ಕಿಲೋ ಎನ್ನಿ. ನೂರು ಮೀಟರ್ ಎತ್ತರ ಹತ್ತಲು ಬೇಕಾದದ್ದು ಸುಮಾರು 20 ಕಿಲೋಕ್ಯಾಲರಿ. ಸ್ನಾಯುಗಳು ಪಡೆದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿಸುವುದರಿಂದ ಖರ್ಚು 80. ಒಂದು ಬಾಳೆಹಣ್ಣು ಸಾಕು. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮೈ ಬೆವರುತ್ತದೆ. ತೊಂದರೆಯ ಮೂಲ ಇದೇ.

ತಾವರೆಕೆರೆ ದಾಟಿದ ಮೇಲೆ ರಸ್ತೆ ಅರ್ಕಾವತಿಯ ಕಣಿವೆಗೆ ಇಳಿಯುತ್ತದೆ. ಈಗ ಕಾಲಿಗೆ ಕೆಲಸವಿಲ್ಲ, ಮೈಯಲ್ಲಿ ಶಾಖವೂ ಅಷ್ಟಾಗಿ ಹುಟ್ಟದು. ಒದ್ದೆ ಅಂಗಿಗೆ ಗಾಳಿ ಬಡಿಯುತ್ತದೆ. ಆರುವ ಒಂದೊಂದು ಗ್ರಾಂ ಬೆವರೂ ಮೈಯಿಂದ ಅರ್ಧ ಕಿಲೋಕ್ಯಾಲರಿಗೂ ಹೆಚ್ಚು ಶಾಖ ಕಸಿಯುತ್ತದೆ. ಸಾಲದ್ದಕ್ಕೆ, ರಾತ್ರಿಯೆಲ್ಲ ತಣಿದು ಭಾರವಾದ ಗಾಳಿ ತಗ್ಗಿಗೆ ಜಾರಿ ನಿಂತಿರುತ್ತದೆ. ಹೀಗಾಗಿ ದಿಬ್ಬಕ್ಕಿಂತ ಹಳ್ಳದಲ್ಲೇ ಚಳಿ ಹೆಚ್ಚು, ಮಂಜೂ ಅಲ್ಲೇ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಾಂಶ 7.8 ಡಿಗ್ರಿಗೆ ಇಳಿದದ್ದು ದಾಖಲೆ. ಆದರೆ ಬೆರಳು ಮರಗಟ್ಟಲು ಅಷ್ಟೇನೂ ಬೇಕಿಲ್ಲ, 15 ಡಿಗ್ರಿಯ ಎದುರುಗಾಳಿ ಸಾಕು. ಅಂಥ ಬೆರಳಿಗೆ ಬ್ರೇಕ್ ದಕ್ಕದು. ಮಂಜಿಗೆ ನೆನೆದ ರಿಮ್ಮಿನ ಮೇಲೆ ರಬ್ಬರೂ ಬೇಗ ಕಚ್ಚದು. ಒಂಟಿ ಸವಾರ ಬಿದ್ದರೆ, ಆ ಹೊತ್ತಿನಲ್ಲಿ ಎತ್ತಲು ಹಾಲಿನ ವ್ಯಾನೇ ಬರಬೇಕು.

ಉಪಾಯ ದುಬಾರಿಯದಲ್ಲ. ಯೂರೋಪಿನ ಆಲ್ಪ್ಸ್ ಪರ್ವತಗಳ ಪಂದ್ಯಗಳಲ್ಲಿ ಸವಾರರು ಏರಿನ ತುದಿಯಲ್ಲಿ ದಿನಪತ್ರಿಕೆ ಪಡೆದು ಅಂಗಿಯೊಳಗೆ, ಎದೆಗೆ ತುರುಕಿಕೊಳ್ಳುವ ರೂಢಿಯಿತ್ತು. ಕಾಗದ ಗಾಳಿಯನ್ನು ತಡೆಯುತ್ತದೆ, ಹಾಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕಂಬಳಿಯಾಗುತ್ತದೆ. ಈ ಪುರವಣಿಯೂ ಆದೀತು, ಓದಿದ ಮೇಲೆ!