ಮನೆಯ ಅಂದಾಜಿಗೆ ಒಂದೇ ಶೇಕಡಾವಾರು ಸಾಲದು

ಕುಂದಾಪುರದಿಂದ ಬೈಂದೂರಿನತ್ತ ಹೊರಟರೆ ಹೆದ್ದಾರಿಯಲ್ಲಿ ಬೇಗನೆ ಸಿಗುವ ಊರು ತಲ್ಲೂರು. 2021ರ ಕೊನೆಯಲ್ಲಿ ನನ್ನ ತಂಗಿ ಅಲ್ಲಿ ಮನೆ ಕಟ್ಟಲು ಹೊರಟಾಗ ಅಂದಾಜುಪಟ್ಟಿಯನ್ನು ಪರಿಶೀಲಿಸಿದವನು ನಾನೇ. ಸೇವೆಯಲ್ಲಿದ್ದಾಗ ಇಂತಹ ಪಟ್ಟಿಗಳಿಗೆ ಸಹಿ ಹಾಕಿದ ಹಮ್ಮು ಬೇರೆ! ರಿಸರ್ವ್ ಬ್ಯಾಂಕಿನ ಹಣದುಬ್ಬರ ಗುರಿಯ ಮೇಲ್ಮಿತಿ ಶೇ 6. ಒಟ್ಟು ಮೊತ್ತಕ್ಕೆ ಅಷ್ಟನ್ನೇ ಸೇರಿಸಿ ‘ಧಾರಾಳವಾಯಿತು’ ಎಂದೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಯಿತು. ಕೆಂಪುಕಲ್ಲಿನ ಗೋಡೆ ತಾರಸಿಯ ಮಟ್ಟಕ್ಕೆ ಬರುವ ಹೊತ್ತಿಗೆ ಕಬ್ಬಿಣದ ಸರಳಿನ ದರ ಕೈಮೀರಿತ್ತು. ಮೇ ತಿಂಗಳಲ್ಲಿ ಕೇಂದ್ರವು ಉಕ್ಕಿನ ಹಲವು ಉತ್ಪನ್ನಗಳ ರಫ್ತಿಗೆ ಶೇ 15ರಷ್ಟು ಸುಂಕ ಹೇರಿದ ಮೇಲೆ ದರ ಇಳಿಯಿತು ನಿಜ. ಆದರೆ ಕರಾವಳಿಯ ಮಳೆ ದರದ ಇಳಿಕೆಗಾಗಿ ಕಾಯುವುದಿಲ್ಲ. ತಾರಸಿಯಿಲ್ಲದ ಗೋಡೆಗಳು ಟಾರ್ಪಾಲು ಹೊದ್ದು ಆ ಮಳೆಗಾಲವನ್ನು ಕಳೆದವು. ತಂಗಿ ಬಾಡಿಗೆಯನ್ನೂ ಬಡ್ಡಿಯನ್ನೂ ಒಟ್ಟಿಗೆ ಕಟ್ಟಿದಳು.

ನಾನು ತಪ್ಪಿದ್ದೆಲ್ಲಿ? ಆಗ ಜಾರಿಯಲ್ಲಿದ್ದ 2012ರ ಆಧಾರದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ‘ವಸತಿ’ ಎಂದರೆ ನಗರದ ಮನೆ ಬಾಡಿಗೆ. ಸರಳು, ಸಿಮೆಂಟುಗಳ ಮಾತೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಆ ಸೂಚ್ಯಂಕದ ಏರಿಕೆ ಶೇ 7.79 ಇದ್ದರೆ, ಸಗಟು ಬೆಲೆಯ ಏರಿಕೆ ಶೇ 15ನ್ನು ದಾಟಿತ್ತು. ನಾನು ನೋಡಬೇಕಾಗಿದ್ದುದು ಎರಡನೆಯದನ್ನು.

ಇನ್ನೂ ದೊಡ್ಡ ತಪ್ಪು ಕಾಲದ್ದು. ವೆಚ್ಚದಲ್ಲಿ ಸರಳಿನ ಪಾಲು ಶೇ 15 ಎಂದಿಟ್ಟುಕೊಳ್ಳಿ. ಅದರ ದರ ಶೇ 30 ಏರಿದರೂ ಒಟ್ಟು ವೆಚ್ಚ ಏರುವುದು ಶೇ 4.5 ಮಾತ್ರ. ಕಾಗದದ ಮೇಲೆ ನನ್ನ ಲೆಕ್ಕ ಸರಿಯೇ! ಆದರೆ ತಾರಸಿಯ ಸರಳು ಬೇಕಾಗುವುದು ಒಂದೆರಡು ವಾರಗಳಲ್ಲಿ, ಒಮ್ಮೆಗೇ. ಸಾಲದ ಮುಂದಿನ ಕಂತು ಬರುವುದು ತಾರಸಿ ಬಿದ್ದ ಮೇಲೆ.

ಮರಳಿನ ಕಥೆ ಬೇರೆಯೇ. ಕರಾವಳಿ ನಿಯಂತ್ರಣ ವಲಯದ ನದಿಮುಖಗಳಲ್ಲಿ ಮರಳುದಿಬ್ಬ ತೆರವಿಗೆ ಜಿಲ್ಲಾ ಸಮಿತಿಯ ಅನುಮತಿ ಬೇಕು, ಮಳೆಗಾಲದಲ್ಲಿ ನದಿಗಿಳಿಯುವಂತಿಲ್ಲ. ಪರವಾನಗಿ ತಡವಾದರೆ ಹಣದುಬ್ಬರ ಶೂನ್ಯವಿದ್ದರೂ ಮರಳು ತುಟ್ಟಿಯೇ. ಸಿಮೆಂಟಿನ ದರವನ್ನು ತೆರಿಗೆಯೂ ಅಲುಗಿಸುತ್ತದೆ: ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 28ರಿಂದ 18ಕ್ಕೆ ಇಳಿದುದನ್ನು ಯಾವ ಸೂತ್ರ ಮುನ್ಸೂಚಿಸೀತು?

ದೊಡ್ಡ ಸರ್ಕಾರಿ ಕಾಮಗಾರಿಗಳ ಕರಾರಿನಲ್ಲಿ ಸೂಚ್ಯಂಕಕ್ಕೆ ತಕ್ಕಂತೆ ದರ ಹೊಂದಿಸುವ ಷರತ್ತು ಇರುವುದುಂಟು. ಮನೆ ಕಟ್ಟಿಸುವವನಿಗೆ ಇರುವುದು ಮೇಸ್ತ್ರಿಯ ಬಾಯಿಮಾತು. ಸಾಮಗ್ರಿವಾರು, ತಿಂಗಳುವಾರು, ಕನಿಷ್ಠ–ಗರಿಷ್ಠ ದರಗಳೊಂದಿಗೆ ಪಟ್ಟಿ ಬರೆಯಿಸಿಕೊಳ್ಳುವುದಕ್ಕೆ ಸಂಕೋಚವೇಕೆ? ಬ್ಯಾಂಕುಗಳೂ ತಾರಸಿಯ ಕಂತನ್ನು ಸರಳು ಖರೀದಿಗೆ ಮುಂಚಿತವಾಗಿ ಕೊಡುವ ಬಗ್ಗೆ ಯೋಚಿಸಬಹುದು.

ತಂಗಿ ಈಗ ಮಹಡಿಯ ಮಾತೆತ್ತಿದ್ದಾಳೆ. ಈ ಸಲದ ಪಟ್ಟಿಯಲ್ಲಿ ಮರಳಿನ ಎದುರಿನ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ; ಪರವಾನಗಿ ಸಿಕ್ಕ ದಿನ ತುಂಬೋಣವೆಂದು.